ಅಪಾರ್ಟ್‌ಮೆಂಟಿನಲ್ಲಿ ಫೈಬರ್ ಇದ್ದರೂ ನೆಟ್ ಆಗಾಗ ಹೋಗುವುದು ಯಾಕೆ?

ಬಹಳಷ್ಟು ಸಲ ತೊಂದರೆ ಪ್ಲಾನಿನದಲ್ಲ, ಕೇಬಲ್ ಎಳೆದ ರೀತಿಯದು. ಎಲ್ಲೋ ಒಂದು ಕಡೆ ಅದನ್ನು ಜಾಸ್ತಿ ಮಡಚಿರುತ್ತಾರೆ.

ಫೈಬರ್ ಒಳಗೆ ಓಡುವುದು ಕರೆಂಟ್ ಅಲ್ಲ, ಬೆಳಕು. ಗಾಜಿನ ಎಳೆಯ ನಡುವೆ ಅದು ಸಾಗುವ ದಾರಿ ಸುಮಾರು 9 ಮೈಕ್ರಾನ್ ದಪ್ಪ, ತಲೆಗೂದಲಿಗಿಂತ ಎಷ್ಟೋ ಸಣ್ಣದು. ಎಳೆ ನೇರವಾಗಿದ್ದರೆ ಬೆಳಕು ಒಳಗೇ ಉಳಿಯುತ್ತದೆ. ಚೂಪಾಗಿ ಮಡಚಿದರೆ ಆ ತಿರುವಿನಲ್ಲಿ ಹೊರಗೆ ಸೋರಿಹೋಗುತ್ತದೆ. ಈ ನಷ್ಟವನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. 3 ಡೆಸಿಬೆಲ್ ಹೋಯಿತೆಂದರೆ ಅರ್ಧ ಬೆಳಕೇ ಹೋದಂತೆ. ಉಳಿದದ್ದು ಮೋಡೆಮ್‌ಗೆ ಸಾಕಾಗದಿದ್ದರೆ ಕೆಂಪು ದೀಪ ಮಿನುಗುತ್ತದೆ.

ನಮ್ಮ ಮನೆಗೆ ಕೇಬಲನ್ನು ಸ್ಲೈಡಿಂಗ್ ಕಿಟಕಿಯ ಸಂದಿಯಿಂದ ತಂದಿದ್ದರು. ಮಳೆ ಬಂತೆಂದು ಕಿಟಕಿ ಎಳೆದರೆ ನೆಟ್ ಬಂದ್. ಮಳೆಗೇ ಹೀಗಾಗುತ್ತದೆ ಅಂತ ಎರಡು ತಿಂಗಳು ಸುಮ್ನೆ ಆಕಾಶವನ್ನು ಬೈದಿದ್ದೇ ಬಂತು!

ಮನೆಯೊಳಗೆ ಬಳಸುವ ಹೊಸ ಬಗೆಯ ಎಳೆ ಸುಮಾರು 1 ಸೆಂ.ಮೀ. ತ್ರಿಜ್ಯದ ತಿರುವು ತಡೆಯುತ್ತದೆ, ಹಳೆಯ ಬಗೆಗೆ 3 ಸೆಂ.ಮೀ. ಬೇಕು. ಮೂಲೆಗೆ ಒತ್ತಿ ಮೊಳೆ ಹೊಡೆದರೆ ಎರಡೂ ಉಳಿಯುವುದಿಲ್ಲ. ಡಕ್ಟಿನಲ್ಲಿ ಹತ್ತಾರು ಮನೆಯ ಕೇಬಲುಗಳು ಹೆಸರಿನ ಚೀಟಿಯಿಲ್ಲದೆ ಜೋತಾಡುತ್ತಿದ್ದರಂತೂ ಇನ್ನೂ ಕಷ್ಟ. ಪಕ್ಕದ ಮನೆಯ ರಿಪೇರಿಗೆ ಬಂದವರು ನಿಮ್ಮದನ್ನು ಜಗ್ಗಿ ಹೋಗಿರುತ್ತಾರೆ.

ನೆಟ್ ಹೋಗುವುದಿಲ್ಲ, ಆದರೆ ಅದಕ್ಕಿಂತ ಜಾಸ್ತಿ ವೇಗದ ಪ್ಲಾನ್ ಇದ್ದರೂ 100 ಎಂಬಿಪಿಎಸ್ ದಾಟುವುದೇ ಇಲ್ಲ ಅಂದರೆ ಮೋಡೆಮ್‌ನಿಂದ ಮುಂದಿನ ಲ್ಯಾನ್ ಕೇಬಲ್ ನೋಡಿ. ಅದರಲ್ಲಿ 4 ಜೋಡಿ ತಂತಿ ಇರುತ್ತದೆ. ತುದಿಯಲ್ಲಿ ಒಂದು ಸಡಿಲವಾದರೂ ಸಾಮಾನ್ಯವಾಗಿ ವೇಗ 100ಕ್ಕೆ ಇಳಿಯುತ್ತದೆ.