ಕ್ಲಾಸಿನಲ್ಲಿ ಅನ್ನಿಸುವುದೊಂದು, ಆಗುವುದೊಂದು

ಈ ಸಲ ಪತ್ರ ಬರೆದವರಲ್ಲಿ ಕೆಲವರು ಬೋರ್ಡಿನ ಮುಂದೆ ಹೊಸದಾಗಿ ನಿಂತವರು, ಕೆಲವರು ಕಾಲೇಜಿನ ಬೆಂಚಿನಲ್ಲಿ ಕೂತವರು. ಆದರೂ ಎಲ್ಲರೂ ಕೇಳಿರುವುದು ಹೆಚ್ಚುಕಡಿಮೆ ಒಂದೇ. ‘ಕ್ಲಾಸಿನಲ್ಲಿ ನನಗೆ ಹೀಗೆ ಅನ್ನಿಸ್ತಿದೆ, ಹಾಗಾದರೆ ಏನೋ ತಪ್ಪಿದೆ ಅಲ್ವಾ?’ ಒಬ್ಬೊಬ್ಬರಿಗೂ ಉತ್ತರಿಸುತ್ತೇನೆ.

ನಾನು ಶಿಕ್ಷಕ ತರಬೇತಿಯಲ್ಲಿದ್ದೇನೆ. ಅಭ್ಯಾಸ ಪಾಠ ಶುರುವಾಗಿ ಮೂರು ವಾರವಾಯಿತು. ಗಣಿತ ನನ್ನ ವಿಷಯ. ಮಕ್ಕಳ ಮೇಲೆ ಯಾವತ್ತೂ ಗದರಬಾರದು ಅಂದುಕೊಂಡೇ ಬಂದವಳು ನಾನು. ಮೊನ್ನೆ ಗದ್ದಲ ತಡೆಯಲಾಗದೆ ಜೋರಾಗಿ ಕೂಗಿಬಿಟ್ಟೆ. ಚಿಕ್ಕವಳಿದ್ದಾಗ ನಾನು ಹೆದರುತ್ತಿದ್ದ ಟೀಚರ್ ಮಾತೇ ನನ್ನ ಬಾಯಿಂದ ಬಂತು. ಅದೇ ದನಿ, ಅದೇ ಪದ. ರಾತ್ರಿ ನಿದ್ದೆ ಬರಲಿಲ್ಲ. ಮೇಡಂ, ನಾನು ಈ ಕೆಲಸಕ್ಕೆ ತಕ್ಕವಳಲ್ಲವೇ?

ಮೂರು ವಾರದಲ್ಲಿ ಅದನ್ನು ಯಾರೂ ಹೇಳಲಾರರು. ನೀವೂ ಹೇಳಿಕೊಳ್ಳಬೇಡಿ.

ಆ ಮಾತು ಎಲ್ಲಿಂದ ಬಂತು ನೋಡೋಣ. ಬೇರೆ ಯಾವ ಕೆಲಸದಲ್ಲೂ ಇಲ್ಲದ ಒಂದು ವಿಚಿತ್ರ ಶಿಕ್ಷಕರ ಕೆಲಸದಲ್ಲಿದೆ. ಕಲಿಯಲು ಬರುವ ಮೊದಲೇ ನಾವು ಆ ಕೆಲಸವನ್ನು ವರ್ಷಗಟ್ಟಲೆ ನೋಡಿರುತ್ತೇವೆ. ಡ್ಯಾನ್ ಲಾರ್ಟಿ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1975ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು. ಶಾಲೆ ಮುಗಿಸುವ ಹೊತ್ತಿಗೆ ಒಬ್ಬ ವಿದ್ಯಾರ್ಥಿ ಶಿಕ್ಷಕರ ಎದುರು ಸುಮಾರು 13,000 ಗಂಟೆ ಕಳೆದಿರುತ್ತಾನೆ. ಆದರೆ ನೋಡಿದ್ದು ಬೆಂಚಿನ ಕಡೆಯಿಂದ ಮಾತ್ರ. ಆ ಟೀಚರ್ ಮನೆಯಲ್ಲಿ ಏನು ತಯಾರಿ ಮಾಡಿದರು, ಆ ಉದಾಹರಣೆಯನ್ನೇ ಯಾಕೆ ಆರಿಸಿದರು, ಕೂಗಿದ ಮೇಲೆ ಎಷ್ಟು ನೊಂದುಕೊಂಡರು, ಇದ್ಯಾವುದೂ ನಮಗೆ ಕಂಡಿಲ್ಲ. ಕಂಡದ್ದು ದನಿ ಮತ್ತು ಮುಖ. ಗಾಬರಿಯಾದಾಗ ಬಾಯಿಗೆ ಬರುವುದು ಅದೇ. ನಿಮ್ಮ ತರಬೇತಿಗೆ ಕೆಲವೇ ತಿಂಗಳ ವಯಸ್ಸು. ಆ ದನಿಗೆ ಹತ್ತಾರು ವರ್ಷ. ಹಾಗಾಗಿ ಮೊನ್ನೆ ಕೇಳಿಸಿದ್ದು ನಿಮ್ಮ ಸ್ವಭಾವ ಅಲ್ಲ, ನಿಮ್ಮೊಳಗಿನ ಹಳೆಯ ದಾಸ್ತಾನು.

ಫ್ರಾನ್ಸೆಸ್ ಫುಲ್ಲರ್ ಎಂಬುವರು 1969ರಲ್ಲಿ ಪ್ರಶಿಕ್ಷಣಾರ್ಥಿಗಳ ಚಿಂತೆಗಳ ಬಗ್ಗೆ ಬರೆದಿದ್ದಾರೆ. ಶುರುವಿನ ಚಿಂತೆಗಳೆಲ್ಲ ತನ್ನ ಸುತ್ತವೇ. ಮಕ್ಕಳು ನನ್ನನ್ನು ಒಪ್ಪುತ್ತಾರಾ, ಹಿಂದೆ ಕೂತು ಅಂಕ ಹಾಕುವವರು ಏನಂದುಕೊಳ್ಳುತ್ತಾರೆ, ಕ್ಲಾಸು ಕೈ ಮೀರಿದರೆ ಏನು ಗತಿ. ಮಕ್ಕಳು ಏನು ಕಲಿತರು ಎಂಬ ಚಿಂತೆ ಬರುವುದು ಆಮೇಲೆ. 1984ರಲ್ಲಿ ಸೈಮನ್ ವೀನ್‌ಮನ್ ಹೊಸ ಶಿಕ್ಷಕರ ಕಷ್ಟಗಳ ಬಗ್ಗೆ ಬೇರೆ ಬೇರೆ ದೇಶಗಳಲ್ಲಿ ನಡೆದ 83 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಪಟ್ಟಿಯ ತಲೆಯಲ್ಲಿದ್ದದ್ದು ಕ್ಲಾಸಿನ ಶಿಸ್ತು. ಅಂದರೆ ನೀವು ನಿಂತಿರುವ ಜಾಗದಲ್ಲಿ ನಿಮಗಿಂತ ಮೊದಲು ತುಂಬಾ ಜನ ನಿಂತು ಹೋಗಿದ್ದಾರೆ.

ಈಗ ಮಾಡಬೇಕಾದ್ದು. ಧೈರ್ಯ ಬರಲಿ ಎಂದು ಕಾಯಬೇಡಿ. ಕಣ್ಣನ್ನು ನಿಮ್ಮ ಮೇಲಿಂದ ಮಕ್ಕಳ ಲೆಕ್ಕದ ಕಡೆಗೆ ತಿರುಗಿಸಿ. ಅದಕ್ಕೆ ಸುಲಭದ ದಾರಿ ಇದೆ. ಗಂಟೆ ಹೊಡೆಯಲು ಐದು ನಿಮಿಷ ಇರುವಾಗ ಎಲ್ಲರಿಗೂ ಒಂದೊಂದು ಚೀಟಿ ಕೊಡಿ, ಒಂದೇ ಒಂದು ಲೆಕ್ಕ ಹಾಕಿಸಿ. ಭಿನ್ನರಾಶಿ ಪಾಠವಾಗಿದ್ದರೆ 1/2 + 1/3 ಸಾಕು. ಸಂಜೆ ಆ ಚೀಟಿಗಳನ್ನು ಗುಂಪು ಮಾಡಿ. 5/6 ಬರೆದವರು ಒಂದು ಕಡೆ. 2/5 ಬರೆದವರು ಇನ್ನೊಂದು ಕಡೆ, ಅವರು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಾರೆ. ಬೇರೆ ಏನೋ ಬರೆದವರು, ಏನೂ ಬರೆಯದವರು ಮತ್ತೊಂದು ಕಡೆ. 2/5 ಗುಂಪು ದೊಡ್ಡದಿದ್ದರೆ ನಾಳೆಯ ಪಾಠ ಸಿಕ್ಕಿತು ಅಂತಲೇ ಲೆಕ್ಕ. ‘ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗುತ್ತದಾ?’ ಎಂದು ಕೇಳಿ ಶುರು ಮಾಡಿ.

ನಾನು ಬಹಳ ಕ್ಲಾಸುಗಳಲ್ಲಿ ಹಿಂದೆ ಕೂತು ಅಭ್ಯಾಸ ಪಾಠ ನೋಡಿದ್ದೇನೆ. ‘ಇವತ್ತು ಪೂರ್ತಿ ಹಾಳಾಯ್ತು ಮೇಡಂ’ ಎಂದು ಕಣ್ಣೀರು ಹಾಕಿದವರ ಚೀಟಿಗಳಲ್ಲಿ ಮುಕ್ಕಾಲು ಪಾಲು ಸರಿ ಉತ್ತರ ನೋಡಿದ್ದೇನೆ. ಸೂಜಿ ಬಿದ್ದರೂ ಕೇಳಿಸುವಷ್ಟು ಶಾಂತವಾಗಿದ್ದ ಕ್ಲಾಸಿನಲ್ಲಿ ಅರ್ಧಕ್ಕರ್ಧ 2/5 ಬಂದದ್ದನ್ನೂ ನೋಡಿದ್ದೇನೆ. ಗದ್ದಲ ಎಂದರೆ ಕಲಿಕೆ ಇಲ್ಲ, ಮೌನ ಎಂದರೆ ಕಲಿಕೆ ಇದೆ ಎಂದು ದಯವಿಟ್ಟು ಅಂದುಕೊಳ್ಳಬೇಡಿ.

ಗದ್ದಲದ ಬಗ್ಗೆ ಇನ್ನೆರಡು ಮಾತು. ಅದು ಹುಟ್ಟುವುದು ಹೆಚ್ಚಾಗಿ ಮಕ್ಕಳಿಗೆ ಕೆಲಸ ಇಲ್ಲದ ಹೊತ್ತಿನಲ್ಲಿ. ಹಾಜರಿ ಕೂಗುವಾಗ, ನೀವು ಬೆನ್ನು ತಿರುಗಿಸಿ ಬೋರ್ಡಿನ ತುಂಬ ಬರೆಯುವಾಗ, ಬೇಗ ಮುಗಿಸಿದವರು ಸುಮ್ನೆ ಕೂತಿರುವಾಗ. ಮಕ್ಕಳು ಒಳಗೆ ಬರುವ ಮೊದಲೇ ಬೋರ್ಡಿನ ಮೇಲೆ ಒಂದು ಚಿಕ್ಕ ಲೆಕ್ಕ ಇರಲಿ. ಮಾತಾಡುತ್ತಿರುವ ಹುಡುಗನ ಹೆಸರನ್ನು ದೂರದಿಂದ ಕೂಗುವ ಬದಲು ಪಾಠ ಮಾಡುತ್ತಲೇ ಅವನ ಪಕ್ಕ ಹೋಗಿ ನಿಲ್ಲಿ. ಇಷ್ಟಕ್ಕೇ ಎಲ್ಲ ಸರಿಹೋಗುತ್ತದೆ ಎನ್ನುತ್ತಿಲ್ಲ. ಕೂಗುವ ಸಂದರ್ಭ ಕಡಿಮೆಯಾಗುತ್ತದೆ.

ಮೊನ್ನೆ ಕೂಗಿದ್ದಕ್ಕೆ ಮಕ್ಕಳ ಮುಂದೆ ಒಂದು ಮಾತು ಹೇಳಿಬಿಡಿ. ‘ಅವತ್ತು ನಾನು ಹಾಗೆ ಕೂಗಬಾರದಿತ್ತು.’ ಅಷ್ಟೇ, ವಿವರಣೆ ಬೇಡ. ಇದರಿಂದ ಹಿಡಿತ ತಪ್ಪುತ್ತದೆ ಎಂದು ಕೆಲವರು ಹೆದರಿಸಬಹುದು. ನಾನು ಒಪ್ಪುವುದಿಲ್ಲ. ತಪ್ಪನ್ನು ಒಪ್ಪಿಕೊಳ್ಳುವ ದೊಡ್ಡವರನ್ನು ಮಕ್ಕಳು ಕಾಣುವುದೇ ಅಪರೂಪ, ಆ ಮಾತನ್ನು ಅವರು ನೆನಪಿಟ್ಟುಕೊಳ್ಳುತ್ತಾರೆ.

ಅಭ್ಯಾಸ ಪಾಠಕ್ಕೆ ಹೋಗುವ ಶಾಲೆಯ ಮಾರ್ಗದರ್ಶಕ ಶಿಕ್ಷಕರು ‘ಕಾಲೇಜಿನಲ್ಲಿ ಹೇಳಿಕೊಟ್ಟದ್ದನ್ನೆಲ್ಲ ಮರೆತುಬಿಡಿ, ಇಲ್ಲಿ ಅದು ನಡೆಯಲ್ಲ’ ಅನ್ನುತ್ತಾರೆ. ಕಾಲೇಜಿನವರು ಪಾಠ ಯೋಜನೆಯ ಒಂದು ಅಂಕಣ ಖಾಲಿ ಬಿಟ್ಟರೂ ಬೈಯುತ್ತಾರೆ. ಯಾರ ಮಾತು ಕೇಳಲಿ?

ಇಬ್ಬರದ್ದೂ. ಮಾರ್ಗದರ್ಶಕರಿಗೆ ಆ ಮಕ್ಕಳು ಗೊತ್ತು. ಯಾರು ಬೆಳಿಗ್ಗೆ ತೂಕಡಿಸುತ್ತಾರೆ, ಯಾರನ್ನು ಯಾರ ಪಕ್ಕ ಕೂರಿಸಬಾರದು, ಇದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಕಾಲೇಜಿನವರ ಹತ್ತಿರ ಆ ಒಂದು ಶಾಲೆಯ ಆಚೆಗಿನ ತಿಳಿವಳಿಕೆ ಇದೆ. ಪಾಠ ಯೋಜನೆಯನ್ನು ಅಂಕಣ ತುಂಬುವ ಕೆಲಸ ಎಂದುಕೊಳ್ಳಬೇಡಿ. ಅದರಲ್ಲಿ ನಿಜವಾಗಿ ಬೇಕಾದದ್ದು ಎರಡೇ ಸಾಲು: ಈ ಪಾಠ ಮುಗಿದಾಗ ಮಕ್ಕಳು ಏನು ಮಾಡಬಲ್ಲರು, ಅದು ನನಗೆ ಹೇಗೆ ಗೊತ್ತಾಗುತ್ತದೆ. ಈ ಎರಡು ಸಾಲನ್ನು ಮಾರ್ಗದರ್ಶಕರಿಗೆ ತೋರಿಸಿ, ‘ಈ ಮಕ್ಕಳ ಜೊತೆ ಇದು ಎಲ್ಲಿ ಎಡವಬಹುದು ಸರ್?’ ಎಂದು ಕೇಳಿ. ‘ಮರೆತುಬಿಡಿ’ ಎಂದವರೇ ಹದಿನೈದು ನಿಮಿಷ ಕೂತು ಮಾತಾಡುತ್ತಾರೆ.

ನಾನು ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದೇನೆ. ಹೊಸದಾಗಿ ಬಂದ ಲೆಕ್ಚರರ್ ಪಾಠವನ್ನೇ ಮಾಡುವುದಿಲ್ಲ. ಪ್ರಶ್ನೆ ಕೊಟ್ಟು ಗುಂಪಿನಲ್ಲಿ ಚರ್ಚೆ ಮಾಡಿ ಅನ್ನುತ್ತಾರೆ. ಹಳೆಯ ಸರ್ ಚೆನ್ನಾಗಿ ವಿವರಿಸಿ ನೋಟ್ಸ್ ಕೊಡುತ್ತಿದ್ದರು, ಎಲ್ಲ ಅರ್ಥವಾಗುತ್ತಿತ್ತು. ಈಗ ಏನೂ ಕಲಿಯುತ್ತಿಲ್ಲ ಅನ್ನಿಸುತ್ತದೆ. ಪ್ರಿನ್ಸಿಪಾಲರಿಗೆ ದೂರು ಕೊಡೋಣವೇ ಎಂದು ಯೋಚಿಸುತ್ತಿದ್ದೇವೆ.

ದೂರು ಕೊಡುವ ಮೊದಲು ಇದನ್ನು ಓದಿ. 2019ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ತರಗತಿಗಳಲ್ಲಿ ನಡೆಸಿದ ಒಂದು ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಒಂದು ಗುಂಪಿಗೆ ಅನುಭವಿ ಪ್ರಾಧ್ಯಾಪಕರು ಅಚ್ಚುಕಟ್ಟಾಗಿ ಪಾಠ ಮಾಡಿದರು. ಇನ್ನೊಂದು ಗುಂಪು ಅದೇ ವಿಷಯವನ್ನು ಲೆಕ್ಕ ಬಿಡಿಸುತ್ತಾ, ಮಾತಾಡಿಕೊಳ್ಳುತ್ತಾ ಕಲಿಯಿತು. ಮುಂದಿನ ಪಾಠಕ್ಕೆ ಗುಂಪುಗಳನ್ನು ಅದಲು ಬದಲು ಮಾಡಿದರು. ಕೊನೆಗೆ ಎರಡು ಅಳತೆ ತೆಗೆದುಕೊಂಡರು: ಎಷ್ಟು ಕಲಿತೆವು ಎಂದು ವಿದ್ಯಾರ್ಥಿಗಳಿಗೆ ಅನ್ನಿಸಿತು, ಪರೀಕ್ಷೆಯಲ್ಲಿ ಎಷ್ಟು ಬಂತು. ಪಾಠ ಕೇಳಿದವರಿಗೆ ತಾವು ಹೆಚ್ಚು ಕಲಿತೆವು ಅನ್ನಿಸಿತ್ತು. ಪರೀಕ್ಷೆಯಲ್ಲಿ ಹೆಚ್ಚು ಬಂದದ್ದು ತಾವೇ ಬಿಡಿಸಿದವರಿಗೆ.

ಯಾಕೆ ಹೀಗೆ? ಒಳ್ಳೆಯ ಮಾತುಗಾರರು ವಿವರಿಸುವಾಗ ದಾರಿ ನುಣ್ಣಗೆ ಕಾಣುತ್ತದೆ. ಅವರಿಗೆ ಸಲೀಸಾಗಿರುವುದನ್ನು ನಾವು ನಮ್ಮದೇ ಸಲೀಸು ಅಂದುಕೊಳ್ಳುತ್ತೇವೆ. ನಾವೇ ಬಿಡಿಸಲು ಕೂತಾಗ ಎಡವುತ್ತೇವೆ, ತಲೆ ಬಿಸಿಯಾಗುತ್ತದೆ, ‘ಏನೂ ಬರ್ತಿಲ್ಲ’ ಅನ್ನಿಸುತ್ತದೆ. ಆ ಎಡವುವಿಕೆಯಲ್ಲೇ ಕೆಲಸ ನಡೆಯುತ್ತಿರುತ್ತದೆ. ಇದೊಂದೇ ಪ್ರಯೋಗವೂ ಅಲ್ಲ. ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಬೋಧನೆಯ 225 ಅಧ್ಯಯನಗಳನ್ನು 2014ರಲ್ಲಿ ಒಟ್ಟು ಮಾಡಿ ನೋಡಿದಾಗ, ಬರೀ ಉಪನ್ಯಾಸದ ತರಗತಿಗಳಲ್ಲಿ ಫೇಲಾಗುವ ಸಾಧ್ಯತೆ ಒಂದೂವರೆ ಪಟ್ಟು ಇತ್ತು.

ಮನೆಯಲ್ಲಿ ಓದುವಾಗಲೂ ಇದೇ ಮೋಸ ನಡೆಯುತ್ತದೆ. 2006ರ ಒಂದು ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ಮತ್ತೆ ಮತ್ತೆ ಓದಿದರು. ಕೆಲವರು ಒಮ್ಮೆ ಓದಿ, ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದು. ಒಂದು ವಾರದ ನಂತರ ಕೇಳಿದಾಗ ಬರೆದವರು ಮುಂದು. ಆದರೆ ‘ನನಗೆ ಚೆನ್ನಾಗಿ ನೆನಪಿರುತ್ತೆ’ ಎಂಬ ನಂಬಿಕೆ ಜಾಸ್ತಿ ಇದ್ದದ್ದು ಬರೀ ಓದಿದವರಿಗೆ. ಹಾಗಾಗಿ ಹಳೆಯ ಸರ್ ನೋಟ್ಸ್ ಮುಚ್ಚಿಟ್ಟು ಒಂದು ಹಾಳೆಯಲ್ಲಿ ನೆನಪಿದ್ದಷ್ಟು ಬರೆಯಿರಿ. ಹೊಸ ಲೆಕ್ಚರರ್ ಮಾಡಿಸಿದ ಒಂದು ವಿಷಯವನ್ನೂ ಹಾಗೆಯೇ ಬರೆಯಿರಿ. ದೂರು ಕೊಡುವುದೋ ಬೇಡವೋ ಎಂದು ಆ ಎರಡು ಹಾಳೆಗಳೇ ಹೇಳುತ್ತವೆ.

ನಿಮ್ಮ ಮಾತಿನಲ್ಲಿ ನ್ಯಾಯವೂ ಇರಬಹುದು. ಪ್ರಶ್ನೆ ಕೊಟ್ಟು ಕೈತೊಳೆದುಕೊಳ್ಳುವುದು ಬೋಧನೆ ಅಲ್ಲ. ಚರ್ಚೆ ಮುಗಿದ ಮೇಲೆ ಯಾವ ಉತ್ತರ ಸರಿ, ಯಾಕೆ ಸರಿ ಎಂದು ಬಿಡಿಸಿ ಹೇಳದಿದ್ದರೆ ಗುಂಪಿನ ತಪ್ಪೇ ತಲೆಯಲ್ಲಿ ಉಳಿಯುತ್ತದೆ. ಹಾಗೇನಾದರೂ ಆಗುತ್ತಿದ್ದರೆ ಪ್ರಿನ್ಸಿಪಾಲರ ಬಳಿ ಹೋಗುವ ಮೊದಲು ಲೆಕ್ಚರರನ್ನೇ ಕೇಳಿ. ‘ಕೊನೆಯ ಹತ್ತು ನಿಮಿಷ ಎಲ್ಲವನ್ನೂ ಒಟ್ಟು ಮಾಡಿ ಹೇಳ್ತೀರಾ?’ ಇದು ದೂರಲ್ಲ, ಕಲಿಯುವವರ ಹಕ್ಕು.

ಪ್ರಶ್ನೆ ಕೇಳಿದರೆ ಇಡೀ ಕ್ಲಾಸು ತಲೆ ತಗ್ಗಿಸುತ್ತದೆ. ಕೊನೆಗೆ ಉತ್ತರವನ್ನೂ ನಾನೇ ಹೇಳುತ್ತೇನೆ. ಇವರಿಗೆ ಕಲಿಯುವ ಆಸಕ್ತಿಯೇ ಇಲ್ಲವೇ? (ಒಬ್ಬ ಪ್ರಶಿಕ್ಷಣಾರ್ಥಿ)

ನನಗೆ ಉತ್ತರ ಗೊತ್ತಿರುತ್ತದೆ. ಅದನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುವಷ್ಟರಲ್ಲಿ ಲೆಕ್ಚರರ್ ಮುಂದೆ ಹೋಗಿರುತ್ತಾರೆ. ಎರಡು ವರ್ಷದಲ್ಲಿ ಕ್ಲಾಸಿನಲ್ಲಿ ಒಂದು ಮಾತೂ ಆಡಿಲ್ಲ. (ಒಬ್ಬ ಕಾಲೇಜು ವಿದ್ಯಾರ್ಥಿನಿ)

ಈ ಎರಡು ಪತ್ರ ಒಂದೇ ದಿನ ಓದಲು ಸಿಕ್ಕಿದ್ದು ನನ್ನ ಅದೃಷ್ಟ. ಒಂದರ ಉತ್ತರ ಇನ್ನೊಂದರಲ್ಲೇ ಇದೆ.

1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ ತರಗತಿಗಳ ಧ್ವನಿಮುದ್ರಣ ಕೇಳಿ ಮೌನವನ್ನು ಅಳೆದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೋ ಸ್ವಲ್ಪ ಹೆಚ್ಚಿಗೋ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು. ಉತ್ತರ ಬಾರದ ಸಂದರ್ಭ ಕಡಿಮೆಯಾಯಿತು. ಹಿಂದುಳಿದವರು ಎನಿಸಿಕೊಂಡ ಮಕ್ಕಳೂ ಬಾಯಿ ಬಿಟ್ಟರು.

3 ಸೆಕೆಂಡ್ ಕಾಗದದ ಮೇಲೆ ಚಿಕ್ಕದು. ಬೋರ್ಡಿನ ಮುಂದೆ ನಿಂತವರಿಗೆ ಅದು ಒಂದು ಯುಗ. ನನ್ನ ಪ್ರಶ್ನೆ ಅರ್ಥವಾಗಲಿಲ್ಲವೇನೋ, ಕ್ಲಾಸು ಸತ್ತುಹೋಯಿತೇನೋ ಎಂಬ ಭಯ. ಆ ಭಯ ತಡೆಯಲಾಗದೆ ನಾವೇ ಉತ್ತರ ಹೇಳಿಬಿಡುತ್ತೇವೆ. ಅಷ್ಟರಲ್ಲಿ ಆ ಹುಡುಗಿ ಅರ್ಧ ವಾಕ್ಯ ಜೋಡಿಸಿರುತ್ತಾಳೆ. ಹತ್ತು ದಿನ ಹೀಗಾದರೆ ಕ್ಲಾಸು ಒಂದು ಪಾಠ ಕಲಿಯುತ್ತದೆ: ತಲೆ ತಗ್ಗಿಸಿದರೆ ಸಾಕು, ಉತ್ತರ ತಾನಾಗಿ ಬರುತ್ತದೆ. ಅದು ಆಸಕ್ತಿ ಇಲ್ಲದಿರುವುದಲ್ಲ, ನಾವೇ ಕಲಿಸಿದ ಅಭ್ಯಾಸ.

ಪ್ರಶಿಕ್ಷಣಾರ್ಥಿಗೆ: ಪ್ರಶ್ನೆ ಕೇಳಿ, ಮನಸ್ಸಿನಲ್ಲಿ ನಿಧಾನವಾಗಿ ಐದು ಎಣಿಸಿ. ಯಾರಾದರೂ ಉತ್ತರಿಸಿದ ಮೇಲೂ ತಕ್ಷಣ ‘ಸರಿ’, ‘ತಪ್ಪು’ ಅನ್ನಬೇಡಿ, ಇನ್ನೊಮ್ಮೆ ಎಣಿಸಿ. ಹೇಳಿದವರೇ ಮುಂದುವರಿಸುತ್ತಾರೆ, ಇಲ್ಲವೇ ಪಕ್ಕದವರು ಸೇರಿಸುತ್ತಾರೆ. ಆಗಲೂ ಬಾರದಿದ್ದರೆ ಒಂದು ನಿಮಿಷ ಎಲ್ಲರೂ ಬರೆಯಲಿ, ಪಕ್ಕದವರಿಗೆ ತೋರಿಸಲಿ, ಆಮೇಲೆ ಕೇಳಿ. ಎದ್ದು ತಪ್ಪು ಹೇಳುವ ಹೆದರಿಕೆಯನ್ನು ಕೈಯಲ್ಲಿರುವ ಒಂದು ಸಾಲು ಎಷ್ಟೋ ಇಳಿಸುತ್ತದೆ.

ವಿದ್ಯಾರ್ಥಿನಿಗೆ: ನಿಧಾನ ಅಂದರೆ ದಡ್ಡತನ ಅಲ್ಲಮ್ಮ. ಮುಂದಿನ ಪಾಠಕ್ಕೆ ಹೋಗುವ ಮೊದಲು ಒಂದು ಪ್ರಶ್ನೆಯನ್ನು ಬರೆದುಕೊಂಡು ಹೋಗು. ಜೋಡಿಸಿಕೊಳ್ಳುವ ಕೆಲಸ ಮನೆಯಲ್ಲೇ ಮುಗಿದಿರುತ್ತದೆ. ಮೊದಲ ಸಲ ಅದನ್ನು ಓದಿ ಹೇಳಿದರೂ ಸಾಕು. ಇಡೀ ಕ್ಲಾಸಿನ ಮುಂದೆ ಆಗದಿದ್ದರೆ ಕ್ಲಾಸು ಮುಗಿದ ಮೇಲೆ ಲೆಕ್ಚರರ್ ಹತ್ತಿರ ಹೋಗಿ ಕೇಳು. ನಿನ್ನ ಪತ್ರದ ಮೂರನೇ ಸಾಲು ಓದಿ ನನಗೆ ತುಂಬಾ ಸಂಕಟವಾಯಿತು. ಎರಡು ವರ್ಷ ಒಂದು ಮಾತೂ ಆಡದೆ ಕೂತಿರುವುದು ನಿನ್ನೊಬ್ಬಳ ಸಮಸ್ಯೆ ಅಲ್ಲ, ಆ ಕ್ಲಾಸು ನಡೆಸಿದವರೆಲ್ಲರ ಪಾಲೂ ಅದರಲ್ಲಿದೆ.

ಬೇರೆ ದಾರಿ ಸಿಗಲಿಲ್ಲ ಎಂದು ಶಿಕ್ಷಕ ತರಬೇತಿಗೆ ಸೇರಿದೆ. ಜೊತೆಯವರೆಲ್ಲ ಚಿಕ್ಕಂದಿನ ಕನಸು ಅನ್ನುತ್ತಾರೆ. ಅವರ ಮಧ್ಯೆ ಕಳ್ಳನ ಹಾಗೆ ಕೂತಿರುತ್ತೇನೆ. ಮುಂದುವರಿಸಲೇ?

ಯಾಕೆ ಸೇರಿದಿರಿ ಎಂಬುದನ್ನು ಬಿಡಿ, ಅದು ಮುಗಿದ ವಿಷಯ. ಕನಸು ಹೊತ್ತು ಬಂದವರು ಮೊದಲ ತಿಂಗಳಲ್ಲೇ ಕುಸಿಯುವುದುಂಟು, ಏಕೆಂದರೆ ಕನಸಿನ ಕ್ಲಾಸಿನಲ್ಲಿ ಗದ್ದಲ ಇರುವುದಿಲ್ಲ. ಅಭ್ಯಾಸ ಪಾಠ ಮುಗಿಯುವವರೆಗೆ ಒಂದು ಡೈರಿ ಇಡಿ. ದಿನಕ್ಕೆ ಎರಡು ಸಾಲು. ಇವತ್ತು ಯಾವ ಮಗುವಿಗೆ ಏನು ಅರ್ಥವಾಗಲಿಲ್ಲ? ಯಾಕಿರಬಹುದು? ಆ ‘ಯಾಕೆ’ ನಿಮ್ಮನ್ನು ಸಂಜೆ ಮನೆಯವರೆಗೂ ಹಿಂಬಾಲಿಸಿ ಬರುತ್ತಿದ್ದರೆ ಮುಂದುವರಿಸಿ. ಎಲ್ಲ ಮುಗಿದ ಮೇಲೂ ಡೈರಿ ತುಂಬ ನಿಮ್ಮ ಆಯಾಸ ಮಾತ್ರ ಇದ್ದರೆ, ನಾಚಿಕೆ ಪಡದೆ ಬೇರೆ ಕೆಲಸ ಹುಡುಕಿ. ಯಾವುದಾದರೂ ಸರಿ, ಆ ಡೈರಿಯ ಒಂದೆರಡು ಪುಟ ನನಗೆ ಕಳುಹಿಸಿ. ಓದಲು ಕಾಯುತ್ತೇನೆ.