ಮೂರನ್ನೂ ಸೇರಿಸಿ ಅಂಕ ಕೊಟ್ಟರೆ ನನ್ನ ಮತ ನರಸಿಂಹ ರಾವ್ ಅವರಿಗೆ

ರಾಜತಾಂತ್ರಿಕತೆ, ರೂಪಾಯಿಯ ಗಟ್ಟಿತನ, ವಿದೇಶಾಂಗ ನೀತಿ, ಈ ಮೂರರಲ್ಲೂ ನಮ್ಮ ಪ್ರಧಾನಿಗಳಲ್ಲಿ ಯಾರು ಮೇಲು ಎಂದು ಕೇಳಿದ್ದೀರಿ. ನನ್ನ ಉತ್ತರ ಪಿ.ವಿ. ನರಸಿಂಹ ರಾವ್. ಒಂದೊಂದನ್ನೇ ಬಿಡಿಯಾಗಿ ಅಳೆದರೆ ಬೇರೆ ಹೆಸರು ಬರಬಹುದು. ಆದರೆ ಹಾಗೆ ಬಿಡಿಸಿ ಅಳೆಯೋಕೆ ಆಗಲ್ಲ. ಕೈಯಲ್ಲಿ ಡಾಲರ್ ಇಲ್ಲದ ದೇಶದ ಮಾತನ್ನು ಹೊರಗೆ ಯಾರೂ ಕಿವಿಗೆ ಹಾಕಿಕೊಳ್ಳಲ್ಲ.

1966 ನೋಡಿ. ಬರ ಬಿದ್ದಿತ್ತು, ಅಮೆರಿಕದ ಗೋಧಿಗೆ ಕಾಯುವ ಸ್ಥಿತಿ. ನೆರವು ಕೊಡುವವರ ಒತ್ತಡಕ್ಕೆ ಮಣಿದು ಇಂದಿರಾ ಗಾಂಧಿ ಜೂನ್‌ನಲ್ಲಿ ರೂಪಾಯಿ ಅಪಮೌಲ್ಯ ಮಾಡಿದರು. ಡಾಲರ್‌ಗೆ 4.76 ಇದ್ದದ್ದು 7.50 ಆಯಿತು. ಮುಂದಿನ ತಿಂಗಳು ವಿಯೆಟ್ನಾಂ ಮೇಲೆ ಬಾಂಬ್ ಹಾಕುವುದನ್ನು ನಿಲ್ಲಿಸಿ ಎಂದು ದನಿ ಎತ್ತಿದ್ದಕ್ಕೆ ಅಧ್ಯಕ್ಷ ಜಾನ್ಸನ್ ಸಿಟ್ಟಾದರು, ಗೋಧಿ ಹಡಗುಗಳನ್ನು ಸತಾಯಿಸಿ ಬಿಟ್ಟರು. ಅದೇ ಇಂದಿರಾ 1971ರ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟದ ಜೊತೆ ಸ್ನೇಹ ಒಪ್ಪಂದ ಮಾಡಿಕೊಂಡು, ಡಿಸೆಂಬರ್‌ನಲ್ಲಿ ಬಾಂಗ್ಲಾದೇಶದ ಯುದ್ಧ ಗೆದ್ದರು. ರಾಜತಾಂತ್ರಿಕತೆ ಒಂದನ್ನೇ ನೋಡಿದರೆ ಅದಕ್ಕಿಂತ ದೊಡ್ಡ ಗೆಲುವು ನಮಗಿಲ್ಲ. ಹಣದ ವಿಷಯದಲ್ಲಿ ಮಾತ್ರ ಅವರಿಗೆ ಅಂಕ ಕೊಡಲಾರೆ. ತೈಲ ಬೆಲೆ ಏರಿ ಪೆಟ್ಟು ಬಿದ್ದಿತ್ತು, ನಿಜ. ಆದರೂ 1974ರಲ್ಲಿ ಬೆಲೆ ಏರಿಕೆ 20 ಪರ್ಸೆಂಟ್ ದಾಟಿತ್ತು.

1991ರಲ್ಲಿ ನಾನು ಬೆಂಗಳೂರಿನ ಒಂದು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿದ್ದೆ. ಪೀಣ್ಯದ ಸಣ್ಣ ಕಾರ್ಖಾನೆಯವರು ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್, ಆಮದಿನ ಹಣಕ್ಕೆ ಬ್ಯಾಂಕ್ ಕೊಡುವ ಭರವಸೆ ಪತ್ರ) ತೆರೆಯಲು ಬರುತ್ತಿದ್ದರು. ಆ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಎಷ್ಟೋ ಆಮದುಗಳಿಗೆ ಕ್ಯಾಶ್ ಮಾರ್ಜಿನ್ 200 ಪರ್ಸೆಂಟ್ ಮಾಡಿತು. ಅಂದರೆ ಒಂದು ಲಕ್ಷದ ಸಾಮಾನು ತರಿಸಬೇಕಾದರೆ ಎರಡು ಲಕ್ಷ ಮೊದಲೇ ಬ್ಯಾಂಕಿನಲ್ಲಿ ಕಟ್ಟಬೇಕು. "ಅಷ್ಟು ದುಡ್ಡು ಎಲ್ಲಿಂದ ತರೋದು ಸಾರ್?" ಎಂದು ಕೇಳಿ, ಅರ್ಜಿ ಮಡಚಿ ಜೇಬಿಗೆ ಹಾಕಿಕೊಂಡು ಎದ್ದು ಹೋಗುತ್ತಿದ್ದರು. ದೇಶದ ಹತ್ತಿರ ಡಾಲರ್ ಇಲ್ಲ ಅಂದರೆ ಏನು ಅಂತ ಆ ಮುಖಗಳಲ್ಲಿ ಕಾಣುತ್ತಿತ್ತು.

ಜೂನ್ 21ರಂದು ರಾವ್ ಪ್ರಧಾನಿಯಾದಾಗ ಉಳಿದಿದ್ದ ಡಾಲರ್ ಎರಡು ಮೂರು ವಾರದ ಆಮದಿಗೆ ಸಾಕಾಗುವಷ್ಟು. ಹಿಂದಿನ ಪ್ರಧಾನಿ ಚಂದ್ರಶೇಖರ್ ಕಾಲದಲ್ಲೇ 20 ಟನ್ ಚಿನ್ನ ಸ್ವಿಸ್ ಬ್ಯಾಂಕಿಗೆ ಹೋಗಿತ್ತು. ಜುಲೈನಲ್ಲಿ ಇನ್ನೂ ಸುಮಾರು 47 ಟನ್ ಬ್ಯಾಂಕ್ ಆಫ್ ಇಂಗ್ಲೆಂಡ್‌ಗೆ ಅಡವಿಗೆ ಹೋಯಿತು. ಆಮೇಲೆ ಹಣಕಾಸು ಸಚಿವ ಮನಮೋಹನ್ ಸಿಂಗ್ ಅವರ ಆರ್ಥಿಕ ಸುಧಾರಣೆಯ ಬಜೆಟ್, ಅದು ಎಲ್ಲರಿಗೂ ಗೊತ್ತು.

ಯಾರೂ ಜಾಸ್ತಿ ಮಾತಾಡದ ಇನ್ನೊಂದು ಕೆಲಸವಿದೆ. 1955ರಿಂದ ಒಂದು ಪದ್ಧತಿ ನಡೆದುಬಂದಿತ್ತು. ಕೇಂದ್ರ ಸರ್ಕಾರದ ಖಾತೆಯಲ್ಲಿ ದುಡ್ಡು ಕಡಿಮೆಯಾದರೆ ತಾನಾಗಿಯೇ ಅಡ್‌ಹಾಕ್ ಟ್ರೆಜರಿ ಬಿಲ್ (ಸರ್ಕಾರ ರಿಸರ್ವ್ ಬ್ಯಾಂಕಿಗೆ ಕೊಡುವ ಅಲ್ಪಾವಧಿ ಸಾಲಪತ್ರ) ಹುಟ್ಟುತ್ತಿತ್ತು, ರಿಸರ್ವ್ ಬ್ಯಾಂಕ್ ದುಡ್ಡು ತುಂಬುತ್ತಿತ್ತು. ನೋಟು ಅಚ್ಚು ಹಾಕಿ ಖರ್ಚು ಮಾಡಿದ ಹಾಗೇ ಅಲ್ವಾ? ಇದನ್ನು ಹಂತಹಂತವಾಗಿ ನಿಲ್ಲಿಸುತ್ತೇವೆ ಎಂದು 1994ರ ಸೆಪ್ಟೆಂಬರ್‌ನಲ್ಲಿ ರಾವ್ ಸರ್ಕಾರ ರಿಸರ್ವ್ ಬ್ಯಾಂಕ್ ಜೊತೆ ಒಪ್ಪಂದ ಮಾಡಿಕೊಂಡಿತು. ಆಗ ಗವರ್ನರ್ ಸಿ. ರಂಗರಾಜನ್. ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳುವ ಸರ್ಕಾರಗಳು ಕಡಿಮೆ.

ಇನ್ನು ವಿದೇಶಾಂಗ ನೀತಿ. 1991ರ ಕೊನೆಗೆ ಸೋವಿಯತ್ ಒಕ್ಕೂಟ ಬಿದ್ದುಹೋಯಿತು. ರಾವ್ ಅಳುತ್ತಾ ಕೂರಲಿಲ್ಲ. 1992ರ ಜನವರಿಯಲ್ಲಿ ಇಸ್ರೇಲ್ ಜೊತೆ ಪೂರ್ಣ ಸಂಬಂಧ, ಪೂರ್ವ ಏಷ್ಯಾದ ಕಡೆ ಮುಖ, 1993ರಲ್ಲಿ ಚೀನಾ ಜೊತೆ ಗಡಿ ಶಾಂತಿ ಒಪ್ಪಂದ. 1994ರಲ್ಲಿ ಕಾಶ್ಮೀರದ ಬಗ್ಗೆ ಪಾಕಿಸ್ತಾನ ಜಿನೀವಾದಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಆಯೋಗದ ಮುಂದೆ ನಿರ್ಣಯ ತಂದಾಗ, ವಿರೋಧ ಪಕ್ಷದ ನಾಯಕ ವಾಜಪೇಯಿ ಅವರನ್ನೇ ನಿಯೋಗದ ಮುಖ್ಯಸ್ಥರನ್ನಾಗಿ ಕಳಿಸಿದರು. ಪಾಕಿಸ್ತಾನ ನಿರ್ಣಯ ವಾಪಸ್ ತೆಗೆದುಕೊಂಡಿತು. ಇವತ್ತಿಗೂ ನನಗೆ ಇದನ್ನು ನೆನೆದರೆ ಹೆಮ್ಮೆ. (ಬಾಬರಿ ಮಸೀದಿ ವಿಷಯದಲ್ಲಿ ರಾವ್ ಅವರನ್ನು ನಾನು ಸಮರ್ಥಿಸಲ್ಲ. ನಿಮ್ಮ ಪ್ರಶ್ನೆ ಅದಲ್ಲ, ಆದರೂ ಹೇಳದೆ ಬಿಡಲಾರೆ.)

ವಾಜಪೇಯಿ ನನ್ನ ಲೆಕ್ಕದಲ್ಲಿ ಎರಡನೆಯವರು. 1998ರಲ್ಲಿ ಪೋಖ್ರಾನ್ ಅಣು ಪರೀಕ್ಷೆ ಆದಮೇಲೆ ದಿಗ್ಬಂಧನ ಬಿತ್ತು. ಆಗ ರಿಸರ್ಜೆಂಟ್ ಇಂಡಿಯಾ ಬಾಂಡ್ ಮೂಲಕ ಅನಿವಾಸಿ ಭಾರತೀಯರಿಂದ 420 ಕೋಟಿ ಡಾಲರ್ ಬಂತು, ದೇಶ ಅಲ್ಲಾಡಲಿಲ್ಲ. ಮೋದಿ ಸರ್ಕಾರ 2016ರಲ್ಲಿ ಬೆಲೆ ಏರಿಕೆಗೆ 4 ಪರ್ಸೆಂಟ್ ಗುರಿ ಹಾಕಿದ್ದು ಒಳ್ಳೆಯ ಕೆಲಸ. ಅದೇ ವರ್ಷದ ನೋಟು ರದ್ದತಿಯಿಂದ ಹಣದ ಮೇಲಿನ ನಂಬಿಕೆಗೆ ಪೆಟ್ಟು ಬಿತ್ತು ಎನ್ನುವುದು ನನ್ನ ಅಭಿಪ್ರಾಯ.

ಕೊನೆಗೆ ಒಂದು ಹೆಸರು, ಕನ್ನಡಿಗರೇ ಮರೆತಿರೋದು. ದೇವೇಗೌಡರ ಸರ್ಕಾರ ಹನ್ನೊಂದು ತಿಂಗಳು ತುಂಬಲಿಲ್ಲ. ಆದರೆ ರಾವ್ ಶುರು ಮಾಡಿದ್ದನ್ನು ಅದು ಕೆಡಿಸದೆ ಮುಂದಕ್ಕೆ ಒಯ್ದಿತು. ಅಡ್‌ಹಾಕ್ ಬಿಲ್ ಪದ್ಧತಿ 1997ರ ಏಪ್ರಿಲ್ 1ಕ್ಕೆ ನಿಂತಾಗ ಪ್ರಧಾನಿ ಅವರೇ. ಗಡಿ ರೇಖೆಯ ಎರಡು ಕಿಲೋಮೀಟರ್ ಒಳಗೆ ಗುಂಡು ಹಾರಿಸಬಾರದು ಎಂಬ ಚೀನಾ ಒಪ್ಪಂದವೂ 1996ರ ನವೆಂಬರ್‌ನದು. ಡಿಸೆಂಬರ್‌ನಲ್ಲಿ ಆಗಿನ ಬಾಂಗ್ಲಾದೇಶ ಪ್ರಧಾನಿ ಶೇಖ್ ಹಸೀನಾ ಜೊತೆ ಗಂಗಾ ನೀರಿನ ಒಪ್ಪಂದಕ್ಕೆ ಸಹಿ ಹಾಕಿದರು. ಅದರ ಅವಧಿ 30 ವರ್ಷ, 2026ರ ಡಿಸೆಂಬರ್‌ವರೆಗೆ.