ಬ್ರಿಡ್ಜ್ ಸ್ವಲ್ಪ ಹಿಂದಕ್ಕೆ ಸರಿಸಿ ನೋಡಿ

ಮಂಡ್ಯದಲ್ಲೇ ಸಿಗಾರ್ ಪೆಟ್ಟಿಗೆಯಿಂದ ಮೂರು ತಂತಿ ಗಿಟಾರ್ ಮಾಡಿದ್ದೀರಲ್ಲ, ತುಂಬಾ ಖುಷಿಯಾಯಿತು. ಒತ್ತದೆ ಬಿಟ್ಟ ತಂತಿ ಸರಿಯಾಗಿದೆ, ಮೇಲಿನ ಫ್ರೆಟ್‌ಗಳಲ್ಲಿ (ಕತ್ತಿನ ಮೇಲಿನ ಅಡ್ಡ ಕಂಬಿಗಳು) ಒತ್ತಿದರೆ ಸ್ವರ ಇರಬೇಕಾದ್ದಕ್ಕಿಂತ ಏರುತ್ತದೆ ಅಂದಿರಿ. ಪೆಟ್ಟಿಗೆಯ ಮೇಲೆ ತಂತಿ ಕೂರುವ ಬ್ರಿಡ್ಜನ್ನು ನಟ್‌ನಿಂದ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಕರಾರುವಾಕ್ಕಾಗಿ 25 ಇಂಚಿಗೇ ಇಟ್ಟಿದ್ದೀರಿ, ಅದೇ ಕಾರಣ ಇರಬೇಕು. ಒತ್ತಿದಾಗ ತಂತಿ ಬಿಗಿಯಾಗುತ್ತದೆ, ಸ್ವರ ಏರುತ್ತದೆ. ಬ್ರಿಡ್ಜ್ ಅಂಟಿಸಿಲ್ಲ ಅಲ್ವಾ? ತಂತಿ ಸಡಿಲಿಸಿ, ನಟ್‌ನಿಂದ ದೂರಕ್ಕೆ 2-3 ಮಿಲಿಮೀಟರ್ ಹಿಂದಕ್ಕೆ ಸರಿಸಿ. ದಪ್ಪ ತಂತಿಯ ಕಡೆ ಇನ್ನೊಂಚೂರು ಜಾಸ್ತಿ. ಮತ್ತೆ ಶ್ರುತಿ ಮಾಡಿ, 12ನೇ ಫ್ರೆಟ್ ಕಂಬಿಯ ನೇರಕ್ಕೆ ಬೆರಳು ಸುಮ್ನೆ ತಾಕಿಸಿ ಮೀಟಿ, ಆಮೇಲೆ ಒತ್ತಿ ಮೀಟಿ. ಎರಡೂ ಒಂದೇ ಸ್ವರ ಬರುವವರೆಗೆ ಸರಿಸುತ್ತಾ ಹೋಗಿ. ಸರಿಯಾದ ಜಾಗ ಸಿಕ್ಕ ತಕ್ಷಣ ಪೆನ್ಸಿಲ್ ಗೆರೆ ಎಳೆದುಬಿಡಿ. ಮೊದಲ ಫ್ರೆಟ್‌ನಲ್ಲೂ ಏರಿದರೆ ನಟ್ ಎತ್ತರವಾಗಿದೆ, ಅದರಲ್ಲಿ ತಂತಿ ಕೂರುವ ಕಚ್ಚನ್ನು ಅರದಿಂದ ನಿಧಾನವಾಗಿ ಉಜ್ಜಿ.